ಹೊಸ್ತಿಲ ಹೊರಗಿನ ಲಿಂಬೆಹಣ್ಣು

ಹುಲಗಪ್ಪನ ಮುತ್ತಜ್ಜನ ಹೆಸರೂ ಹುಲಗಪ್ಪನೇ. ಕೃಷ್ಣೆಯ ದಂಡೆಯ ಮೇಲಿನ ಊರಿನಲ್ಲಿ ಗೌಡರ ಜೋಳ ತುಂಬಿದ, ನೆಲದೊಳಗೆ ತೋಡಿದ ಹಗೇವು ಕಾಯುವುದು ಅವನ ಕೆಲಸ. ಹಗೇವಿನ ಬಾಯಿ ಮುಚ್ಚಿ, ಮೇಲೆ ಬೂದಿ ಚೆಲ್ಲಿ, ಬೂದಿಯಲ್ಲಿ ಬೆರಳಾಡಿಸಿ ಒಂದು ಗೆರೆ ಎಳೆದು ಬರುತ್ತಿದ್ದ. ಆ ಗೆರೆ ಎಲ್ಲಿ ಬಾಗಿದೆ, ಎಲ್ಲಿ ತೆಳುವಾಗಿದೆ ಎಂಬುದು ಅವನಿಗಲ್ಲದೆ ಇನ್ನೊಬ್ಬರಿಗೆ ತಿಳಿಯದು. ಒಮ್ಮೆ ಒಬ್ಬ ಜಾಣ ಕಳ್ಳ ಜೋಳ ತೆಗೆದುಕೊಂಡು, ಬೂದಿ ಸರಿಮಾಡಿ, ತಾನೂ ಒಂದು ಗೆರೆ ಎಳೆದು ಹೋದ. ಮುತ್ತಜ್ಜ ಬೆಳಗ್ಗೆ ಬಗ್ಗಿ ನೋಡಿ, “ಇದು ಎಡಗೈಯವನ ಗೆರಿ” ಅಂದ. ಊರಿನಲ್ಲಿ ಎಡಚ ಇದ್ದದ್ದು ಒಬ್ಬನೇ. ಅವನ ಅಟ್ಟ ಹತ್ತಿದರೆ ಗೌಡರ ಜೋಳ ಅಲ್ಲೇ ಕೂತಿತ್ತು.

ಅಜ್ಜಿ ಗುರುಬಸವ್ವ ಎಮ್ಮೆ ಕೊಳ್ಳುವುದರಲ್ಲಿ ಹೆಸರಾದವಳು. ಕೆಚ್ಚಲು ತುಂಬಿ ತೂಗಾಡುವ ಎಮ್ಮೆಗೆ ಸಂತೆಯೆಲ್ಲ ಮುಗಿಬಿದ್ದರೆ ಈಕೆ ದೂರ ನಿಂತು ಕರುವಿನ ಮುಖ ನೋಡುತ್ತಿದ್ದಳು. ಕರು ಹಸಿದಿದ್ದರೆ, ಹಿಂದಿನ ಹೊತ್ತು ಹಿಂಡದೆ ಕೆಚ್ಚಲು ಉಬ್ಬಿಸಿ ತಂದಿದ್ದಾರೆ ಎಂದು ತಿಳಿದು, ಮುಂದಕ್ಕೆ ನಡೆಯುತ್ತಿದ್ದಳು.

ಆಕೆಯ ಮಗ ಬಾಲಪ್ಪ ಊರು ಬಿಟ್ಟು ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಬಂದು ಒಂದು ನೂಲಿನ ಗಿರಣಿಯ ಗೇಟಿನಲ್ಲಿ ವಾಚಮನ್ ಆದ. ಊಟದ ಡಬ್ಬಿ ಒಳಗೆ ಹೋಗುವಾಗ ಸದ್ದು ಮಾಡಬಾರದು, ಹೊರಗೆ ಬರುವಾಗ ಖಡಖಡ ಅನ್ನಬೇಕು ಎಂಬುದು ಅವನ ಶಾಸ್ತ್ರ. ಪಾಳಿ ಮುಗಿಸಿ ಹೊರಟವರಿಗೆಲ್ಲ “ಡಬ್ಬಿ ಅಲ್ಲಾಡಸು” ಅನ್ನುತ್ತಿದ್ದ. ಅಲ್ಲಾಡಿಸಿದರೂ ಸದ್ದಾಗದ ಡಬ್ಬಿಯೊಳಗೆ ನೂಲಿನ ಉಂಡೆ ಇರುತ್ತಿತ್ತು. ಗಿರಣಿ ಮುಚ್ಚುವ ತನಕ ಆ ಗೇಟಿನಿಂದ ಎಳೆ ದಾರ ಹೊರಗೆ ಹೋಗಲಿಲ್ಲ ಎಂದು ಅವನ ಕಾಲದವರು ಇಂದಿಗೂ ಹೇಳುತ್ತಾರೆ.

ಅನುಮಾನವೆಂಬುದು ಈ ಮನೆತನಕ್ಕೆ ಹೊಲಮನೆಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಸ್ವತ್ತು. ಒಂದೇ ಒಂದು ಕೊರತೆ: ಇವರ ಅನುಮಾನಕ್ಕೆ ಹೊರಮುಖದ ಕಣ್ಣು ಮಾತ್ರ ಇತ್ತು. ಮನೆಯವರ ಮೇಲೆ ಅದು ಹೊರಳಿದ್ದು ಯಾರ ನೆನಪಿನಲ್ಲೂ ಇಲ್ಲ.

ಬಾಲಪ್ಪನಿಗೆ ಇಬ್ಬರು ಮಕ್ಕಳು. ಹಿರಿಯಳು ಬಸವಣ್ಣೆವ್ವ, ಎಷ್ಟೋ ವರ್ಷದ ಮೇಲೆ ಹುಟ್ಟಿದವನು ಹುಲಗಪ್ಪ. ತಾಯಿ ಬೇಗ ಕಣ್ಣು ಮುಚ್ಚಿದಳು. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಬಸವಣ್ಣೆವ್ವನೇ ತಮ್ಮನಿಗೆ ತಾಯಿಯಾದಳು. ಹುಲಗಪ್ಪ ತಡವಾಗಿ ಮಾತು ಕಲಿತ. ಗಿರಣಿಯ ಹಳೆಯ ಬಾಬಿನ್ನು ಕೈಗೆ ಸಿಕ್ಕರೆ ಹೊತ್ತು ಮುಳುಗುವ ತನಕ ಅದನ್ನೇ ನೆಲದ ಮೇಲೆ ತಿರುಗಿಸುತ್ತ ಕೂರುತ್ತಿದ್ದ. ಒಬ್ಬ ಡಾಕ್ಟರ್ “ಮಂದಬುದ್ಧಿ” ಅಂದ, ಇನ್ನೊಬ್ಬ “ದೊಡ್ಡವನಾದ ಮೇಲೆ ಸರಿಹೋಗ್ತಾನೆ” ಅಂದ. ಬಸವಣ್ಣೆವ್ವ ಇಬ್ಬರನ್ನೂ ನಂಬಲಿಲ್ಲ. ಆದರೆ ತಮ್ಮನ ಗುಣ ಒಂದನ್ನು ತಾನೇ ಕಂಡುಕೊಂಡಳು. ಅವನಿಗೆ ಬುದ್ಧಿಮಾತು ಹತ್ತುವುದಿಲ್ಲ, ಕಟ್ಟಳೆ ಹತ್ತುತ್ತದೆ. “ಹುಷಾರಾಗಿರು” ಅಂದರೆ ಅರ್ಥವಾಗದವನಿಗೆ “ಗಾಡಿಯ ಬಾಗಿಲಲ್ಲಿ ನಿಲ್ಲಬಾರದು” ಅಂದರೆ ಸಾಕು, ಜೀವ ಹೋದರೂ ನಿಲ್ಲುತ್ತಿರಲಿಲ್ಲ. ಹೀಗೆ ಕಟ್ಟಳೆಯ ಮೇಲೆ ಕಟ್ಟಳೆ ಪೇರಿಸಿ ಆಕೆ ಅವನನ್ನು ದೊಡ್ಡವನನ್ನಾಗಿ ಮಾಡಿದಳು.

ಅಪ್ಪ ಹೋದ ಮೇಲೆ ವಿಠ್ಠಲವಾಡಿ ಸ್ಟೇಶನ್ನಿನ ಹತ್ತಿರದ ಚಾಳಿನಲ್ಲಿ, ಅಪ್ಪ ಬಿಟ್ಟುಹೋದ ಖೋಲಿಯಲ್ಲಿ, ಅಕ್ಕ ಜೋಳದ ರೊಟ್ಟಿ ಬಡಿಯತೊಡಗಿದಳು. ತಮ್ಮ ರೊಟ್ಟಿಯ ಬುಟ್ಟಿ ಹೊತ್ತು ಡೊಂಬಿವಲಿಗೆ ಹೋಗುತ್ತಿದ್ದ. ಅಲ್ಲಿ ಪೂರ್ವಕ್ಕೆ ಶಿವಪ್ಪನ ಖಾನಾವಳಿ. ನಮ್ಮ ಕಡೆಯ ಬ್ಯಾಂಕಿನವರು, ಬಟ್ಟೆ ವ್ಯಾಪಾರದವರು ಮಧ್ಯಾಹ್ನಕ್ಕೆ ಅಲ್ಲಿ ರೊಟ್ಟಿಗಾಗಿ ಕಾದಿರುತ್ತಿದ್ದರು. ಮೊದಮೊದಲು ಅಕ್ಕನೂ ಜೊತೆಗೆ ಹೋಗುತ್ತಿದ್ದಳು. ಒಂದು ದಿನ ಜ್ವರ ಬಂದು ಮಲಗಿದಾಗ ಹುಲಗಪ್ಪ ತಾನೇ ಬುಟ್ಟಿ ಎತ್ತಿಕೊಂಡು ಹೋಗಿ ಬಂದ. ಅಂದಿನಿಂದ ಆ ದಾರಿ ಅವನದಾಯಿತು. ಇಸ್ತ್ರಿ ಅಂಗಿ, ಜೇಬಿನಲ್ಲಿ ಪಾಸು, ಪ್ಲಾಟ್‌ಫಾರ್ಮಿನಲ್ಲಿ ಅದೇ ಕಂಬ, ಲೋಕಲ್ ಗಾಡಿಯಲ್ಲಿ ಹೊರೆ ಹೊತ್ತವರಿಗೆಂದು ಇರುವ ಅದೇ ಮಾಲಡಬ್ಬಿ. ಮನೆಗೆ ಬೀಗ ಹಾಕಿದಾಗೆಲ್ಲ ಅದನ್ನು ಜಗ್ಗಿ ಜಗ್ಗಿ ನೋಡುತ್ತಿದ್ದ; ಯಾರ ಕೈಯಲ್ಲಿ ಡಬ್ಬಿ ಕಂಡರೂ ಅಪ್ಪನ ದನಿಯಲ್ಲಿ “ಡಬ್ಬಿ ಅಲ್ಲಾಡಸು” ಅನ್ನುತ್ತಿದ್ದ. ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಮೂವತ್ತು ದಾಟಿದ ಆ ಗಂಡಸಿನ ಬದುಕಿನಲ್ಲಿ ‘ಇದು ನನ್ನದು’ ಎಂದು ಎದೆ ತಟ್ಟಿಕೊಳ್ಳಲು ಇದ್ದದ್ದು ಆ ಒಂಟಿ ಪ್ರಯಾಣ ಒಂದೇ.

ಎರಡು ಸಾವಿರದ ಹನ್ನೊಂದರ ಮಳೆಗಾಲ ಮುಗಿಯುತ್ತಿದ್ದಂತೆ ಅದಕ್ಕೇ ಸಂಚಕಾರ ಬಂತು.

ಶನಿವಾರ ಮಧ್ಯಾಹ್ನ ಬಸವಣ್ಣೆವ್ವ ಜೋಳ ಬೀಸಿಸಲು ಹಿಟ್ಟಿನ ಚಕ್ಕಿಗೆ ಹೋಗುವವಳು. ಚಕ್ಕಿಯವನು ಹಿಂದಿನವರ ಗೋಧಿಹಿಟ್ಟು ಬೆರೆಸಿಬಿಟ್ಟಾನೆಂದು ಕಲ್ಲಿನ ಪಕ್ಕದಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುವವಳು. ಆ ಶನಿವಾರ ಹಿಟ್ಟು ಹೊತ್ತು ಮನೆಗೆ ಬಂದರೆ, ಹೊಸ್ತಿಲ ಹೊರಗೆ ಲಿಂಬೆಹಣ್ಣುಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಮೆಣಸಿನಕಾಯಿ ಪೋಣಿಸಿದ ದಾರ. ಅಂಗಡಿ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿ, ವಾರವಾದ ಮೇಲೆ ರಸ್ತೆಗೆ ಎಸೆಯುವ ಜಾತಿಯವು. ಸಾಲು ಎಂದರೆ ಎಂಥ ಸಾಲು! ಮೆಣಸಿನಕಾಯಿಯ ತುದಿಗಳೆಲ್ಲ ಬಾಗಿಲಿನ ಕಡೆಗೇ ತಿರುಗಿದ್ದವು.

ಆಕೆ ಹಿಟ್ಟಿನ ಡಬ್ಬ ಕೆಳಗಿಳಿಸಿದಳು. ಭಾನಾಮತಿ ಎಂಬ ಮಾತು ನಾಲಗೆಗೆ ಬಂದು ಹಲ್ಲಿನ ಹಿಂದೆ ನಿಂತಿತು. ಹೆದರಿಕೆಯಲ್ಲೂ ಮುತ್ತಜ್ಜನ ರಕ್ತ ಸುಮ್ಮನಿರಲಿಲ್ಲ, ಬಗ್ಗಿ ನೋಡಿದಳು. ಹೆಚ್ಚಿನವು ಒಣಗಿ ಸುಕ್ಕಾದವು. ನಡುವೆ ಒಂದೆರಡು ಮಾತ್ರ ಹಸಿ ಹಸಿ, ದಾರ ಇನ್ನೂ ಬೆಳ್ಳಗಿತ್ತು. ಇದೇಕೆ ಹೀಗೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ಹೊಸ್ತಿಲನ್ನು ಬಳಸಿ ಒಳಗೆ ಕಾಲಿಟ್ಟಳು.

ಹುಲಗಪ್ಪ ಮಂಚದ ಮೇಲೆ ಕೂತಿದ್ದ. ಬುಟ್ಟಿ ತೊಳೆದು ಗೂಟಕ್ಕೆ ಹಾಕಿ ಆಗಿತ್ತು.

“ಹುಲಗ್ಯಾ, ಯಾರ ಬಂದಿದ್ರೋ?”

“ಯಾರೂ ಬಂದಿಲ್ಲ.”

“ಖರೆ ಹೇಳು. ಎದುರಿನ ಮನಿಯಾಕಿ ಬಂದಿದ್ಲೇನು?”

“ಯಾರೂ ಬಂದಿಲ್ಲ.”

ಅವನಿಗೆ ಸುಳ್ಳು ಬರುವುದಿಲ್ಲ ಎಂಬುದು ಆಕೆಗೆ ಗೊತ್ತು. ಯಾರೂ ಬಂದಿಲ್ಲ, ಆದರೆ ಲಿಂಬೆಹಣ್ಣು ಬಂದಿವೆ. ಹಾಗಿದ್ದರೆ ಅದು ಭಾನಾಮತಿಯೇ ಎಂದು ಆಕೆಯ ಲೆಕ್ಕ ಖಚಿತವಾಯಿತು. ಇಕ್ಕಳದಲ್ಲಿ ಹಿಡಿದು ಹಿಡಿದು ಎಲ್ಲವನ್ನೂ ನಾಲೆಗೆ ಎಸೆದು, ಹೊಸ್ತಿಲಿಗೆ ಅರಿಸಿನದ ನೀರು ಚೆಲ್ಲಿದಳು. ಮರುಶನಿವಾರ ಮತ್ತೆ ಬಂದವು.

ಅನುಮಾನ ಹೋಗಿ ನಿಂತದ್ದು ಎದುರು ಖೋಲಿಯ ಜಯಲತಾಳ ಮೇಲೆ. ಉಡುಪಿಯ ಕಡೆಯ ಹೆಂಗಸು, ಚಾಳಿಗೆ ಹೊಸಬಳು. ಗಂಡ ದೇವದಾಸ್ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬಂದ ವರ್ಷವೇ ಚಾಳಿನ ಕಾರ್ಯದರ್ಶಿಯೂ ಆಗಿದ್ದ. ಆಕೆ ದೀಪದ ಮುಂದೆ ತೆಂಗಿನಕಾಯಿ ಇಟ್ಟು ಕೈಮುಗಿಯುವವಳು. ಫೋನು ಹಿಡಿದು ಗ್ಯಾಲರಿಯ ತುದಿಗೆ ಹೋದರೆ ಅರ್ಧ ಹೊತ್ತು ತುಳುವಿನಲ್ಲೇ ಮಾತು. ಬಸವಣ್ಣೆವ್ವನ ಕಿವಿಗೆ ಅದು ಮಂತ್ರದ ಹಾಗೆಯೇ ಕೇಳುತ್ತಿತ್ತು.

“ಏನ್ ಜಯಲತಕ್ಕಾ, ಭಾಳೊತ್ತು ಫೋನಿನ್ಯಾಗ ಇದ್ರಿ?”

“ಅಮ್ಮನ ಹತ್ರ ಮಾತಾಡ್ತಿದ್ದೆ ಮಾರಾಯ್ರೆ. ಒಳಗೆ ನೆಟ್‌ವರ್ಕೇ ಸಿಗುದಿಲ್ಲ.”

“ನಿಮ್ಮ ಕಡೆ ಲಿಂಬಿಹಣ್ಣು ಭಾಳ ಬಳಸ್ತಾರೇನು?”

ಜಯಲತಾ ಕಣ್ಣು ಸಣ್ಣ ಮಾಡಿದಳು. “ನಾವು ಶರಬತ್ತಿಗೆ ಬಳಸ್ತೇವೆ. ನೀವು ಎಂಥಕ್ಕೆ ಬಳಸುದು?”

ಆ ಮಾತಿನ ಮೊನೆ ಬಸವಣ್ಣೆವ್ವನಿಗೆ ತಾಗದೆ ಇರಲಿಲ್ಲ. ಆಗಲೇ ಚಾಳಿನಲ್ಲಿ ಗುಸುಗುಸು ಹಬ್ಬಿತ್ತು: ರೊಟ್ಟಿಯವಳ ಮನೆಮುಂದೆ ಶನಿವಾರ ಶನಿವಾರ ಮಾಟ ಇಡುತ್ತಾರೆ, ಇಡುವವಳು ಆ ರೊಟ್ಟಿಯವಳೇ ಇರಬೇಕು, ಆ ಹೆಂಗಸು ನಮ್ಮನ್ನೆಲ್ಲ ಹೇಗೆ ನೋಡುತ್ತಾಳೆ ಕಂಡಿಲ್ಲವೇ. ಪಕ್ಕದ ಮರಾಠಿ ಮನೆಯವರು ದಿನವೂ ಕೊಳ್ಳುತ್ತಿದ್ದ ರೊಟ್ಟಿ ಬೇಡವೆಂದರು. ನಲ್ಲಿಯ ಹತ್ತಿರ ಆಕೆ ಕೊಡ ಇಟ್ಟರೆ ಉಳಿದ ಕೊಡಗಳು ಹಿಂದಕ್ಕೆ ಸರಿಯತೊಡಗಿದವು. ಕಾಯುವವರ ಮನೆತನದವಳು ಈಗ ತಾನೇ ಚಾಳಿನವರ ಕಾವಲಿಗೆ ಒಳಗಾದಳು.

ಇನ್ನೊಂದು ಶನಿವಾರ ಆಕೆ ಚಕ್ಕಿಗೆ ಹೋಗುವವಳಂತೆ ಡಬ್ಬ ಹೊತ್ತು ಹೊರಟು, ಮೂಲೆ ತಿರುಗಿ ಮರಳಿ ಬಂದು, ಗ್ಯಾಲರಿಯ ನೀರಿನ ಪಿಪಾಯಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಳು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಎದುರಿನ ಕಿಟಕಿಯ ಪರದೆ ಸ್ವಲ್ಪ ಅಲುಗಿತು. ‘ಅಗೋ, ಹೊರಟಳು’ ಎಂದುಕೊಂಡು ಪಿಪಾಯಿಗೆ ಇನ್ನಷ್ಟು ಒತ್ತಿ ಕೂತಳು. ಪರದೆಯ ಹಿಂದಿನವಳು ಹೊರಡಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಂದವನು ಹುಲಗಪ್ಪ.

ಬುಟ್ಟಿ ಇಳಿಸಿದ. ಬಟ್ಟೆ ಸರಿಸಿದ. ಒಂದೊಂದಾಗಿ ಲಿಂಬೆಹಣ್ಣು ತೆಗೆದು ಹೊಸ್ತಿಲ ಹೊರಗೆ ಇಟ್ಟ. ತುದಿ ಸೊಟ್ಟಗಿದ್ದರೆ ಬೆರಳಿನಿಂದ ತಿದ್ದಿದ. ಹೂವಾಡಗಿತ್ತಿ ಮಾಲೆ ಕಟ್ಟುವಾಗಿನ ತಾಳ್ಮೆ ಆ ಕೈಗಳಲ್ಲಿತ್ತು.

ಪಿಪಾಯಿಯ ಹಿಂದಿನಿಂದ ಬಸವಣ್ಣೆವ್ವ ಎದ್ದಳು. ಅದೇ ಗಳಿಗೆಗೆ ಎದುರು ಬಾಗಿಲು ತೆರೆದು ಜಯಲತಾ ಹೊರಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿಯಲು ಹೊಂಚಿದ್ದವರು; ಇಬ್ಬರ ಮುಖವೂ ಪೆಚ್ಚು.

“ನಿಮ್ಮ ತಮ್ಮನೇ ಮಾರಾಯ್ರೆ! ನಾನು ನಿಮ್ಮನ್ನು ಎಂತೆಂಥ ಗ್ರಹಿಸಿದ್ದೆ, ಗೊತ್ತುಂಟಾ?”

“ನೀವು ಗ್ರಹಿಸಿದ್ದು ಸಣ್ಣದು ತಾಯಿ, ನಾ ನಿಮ್ಮನ್ನ ಗ್ರಹಿಸಿದ್ದು ಹೇಳಬಾರದು,” ಅಂದಳು ಬಸವಣ್ಣೆವ್ವ. ಜಯಲತಾಳಿಗೆ ನಗು ಬಂತು. ಈಕೆಗೆ ಬರಲಿಲ್ಲ.

“ಹುಲಗ್ಯಾ, ಯಾರೋ ನಿನಗ ಇದನ್ನ ಕಲಿಸಿದವರು? ಯಾರು ಕಳಿಸಿದ್ರು?”

ಹುಲಗಪ್ಪ ಬುಟ್ಟಿಯನ್ನು ಎದೆಗವಚಿಕೊಂಡು ಹಿಂದೆ ಮುಂದೆ ತೂಗತೊಡಗಿದ. “ಒಳಗ ತಂದಿಲ್ಲ. ಒಳಗ ತಂದಿಲ್ಲ. ಒಳಗ ತಂದಿಲ್ಲ.”

ಸುದ್ದಿ ಸಂಜೆಯೊಳಗೆ ಚಾಳೆಲ್ಲ ತಿರುಗಿ ಬಂತು. ಮರುದಿನ ದೇವದಾಸ್ ಬಾಗಿಲಿಗೆ ಬಂದ. ಸಭ್ಯ ಮನುಷ್ಯ, ಚಪ್ಪಲಿ ಬಿಟ್ಟೇ ಮಾತಾಡಿದ. “ಬೇಜಾರು ಮಾಡ್ಬೇಡಿ ಬಸವಣ್ಣೆವ್ವ. ಜನ ಹೆದರಿದ್ದಾರೆ. ಇವತ್ತು ಲಿಂಬೆ, ನಾಳೆ ಎಂಥ ತರ್ತಾನೋ ಅಂತ. ಅವನನ್ನು ಒಬ್ಬನೇ ಹೊರಗೆ ಬಿಡ್ಬಾರ್ದು ಅಂತ ಎಲ್ಲರ ಅಭಿಪ್ರಾಯ. ರೊಟ್ಟಿಯ ಚಿಂತೆ ಬೇಡ, ನಮ್ಮ ಹೋಟೆಲಿನ ಟೆಂಪೊ ದಿನಾ ಡೊಂಬಿವಲಿ ಕಡೆ ಹೋಗ್ತದೆ. ಅದರಲ್ಲಿ ಹಾಕುವ.”

“ಟೆಂಪೊ ಯಾಕ ಕೊಡತೀರಿ? ನಿಮಗೇನು ಲಾಭ?”

“ಲಾಭ ಎಂಥದ್ದು! ಸಹಾಯ ಅಷ್ಟೆ.”

ಸಹಾಯ ಎಂಬ ಮಾತು ಕೇಳಿ ಆಕೆಯ ಅನುಮಾನ ಇನ್ನಷ್ಟು ಕೆರಳಿತು. ಟೆಂಪೊದವನು ದಾರಿ ನೋಡಿಕೊಳ್ಳುವುದು, ಆಮೇಲೆ ಹೋಟೆಲಿನವರೇ ರೊಟ್ಟಿ ಬಡಿದು ಶಿವಪ್ಪನಿಗೆ ಕೊಡುವುದು — ಇದೆಲ್ಲ ಆಕೆಗೆ ಕಣ್ಣೆದುರು ನಡೆದಷ್ಟು ನಿಚ್ಚಳವಾಗಿತ್ತು. “ವಿಚಾರ ಮಾಡತೀನಿ” ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಆದರೆ ಆಕೆಯನ್ನು ಕೊರೆಯುತ್ತಿದ್ದ ಹುಳ ಬೇರೆ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಯಾರೋ ಕಲಿಸಿರಬೇಕು. ಯಾರು? ಶಿವಪ್ಪನ ಮಗಳು ಪೂನಂ ನವಿ ಮುಂಬಯಿಯ ಒಂದು ಕೇಂದ್ರದಲ್ಲಿ ಹುಲಗಪ್ಪನಂಥ ಮಕ್ಕಳಿಗೆ ಕಲಿಸುವ ಕೆಲಸಕ್ಕಿದ್ದಳು. ರಜೆಯ ದಿನ ಖಾನಾವಳಿಗೆ ಬಂದಾಗ ಹುಲಗಪ್ಪನನ್ನು ಕೂರಿಸಿಕೊಂಡು ಏನೋ ಎಲೆ ಆಡಿಸುತ್ತಾಳೆಂದು ಅವನೇ ಹೇಳಿದ್ದ. ಎಲೆ ಎಂದರೆ ಇಸ್ಪೀಟೆಲೆ! ಆಟ ಶುರುವಾದದ್ದೂ ಈಗೀಗ, ಲಿಂಬೆ ಶುರುವಾದದ್ದೂ ಈಗೀಗ. ಬಸವಣ್ಣೆವ್ವ ಸೆರಗು ಸಿಕ್ಕಿಸಿ, ಗಾಡಿಗೆ ಕಾಯದೆ ಬಸ್ಸು ಹಿಡಿದು ಡೊಂಬಿವಲಿಗೆ ಹೊರಟಳು.

ಪೂನಂ ಊಟದ ಮೇಜಿನ ಮೇಲೆಯೇ ಎಲೆಗಳನ್ನು ಹರವಿ ತೋರಿಸಿದಳು. ರಾಜ ರಾಣಿ ಇರಲಿಲ್ಲ. ಕೆಂಪು ನೀಲಿ ಬಣ್ಣದ ಚುಕ್ಕಿ, ಚೌಕ, ನಕ್ಷತ್ರ.

“ಆಂಟಿ, ಇದು ಜೂಜು ಅಲ್ಲ. ಟೆಸ್ಟ್. ಮೊದಲು ಬಣ್ಣ ನೋಡಿ ಜೋಡಿಸ್ಬೇಕು. ಸ್ವಲ್ಪ ಹೊತ್ತಾದ್ಮೇಲೆ ನಾನು ರೂಲ್ ಬದಲಿಸ್ತೀನಿ. ಬಣ್ಣ ಅಲ್ಲ, ಆಕಾರ. ಬಾಯಿಬಿಟ್ಟು ಹೇಳಲ್ಲ, ಬರೀ ‘ಗಲತ್’ ಅಂತೀನಿ. ಬೇರೆಯವರು ಸಮಝ್ ಜಾತೇ ಹೈ, ತಾವೇ ತಿಳ್ಕೋತಾರೆ. ಹುಲಗಪ್ಪ ಕಾಕಾ ಮಾತ್ರ ಬಣ್ಣ ಬಿಡ್ಲೇ ಇಲ್ಲ.”

“ಹೇಳದ ಬದಲಿಸಿದಿ?”

“ಹ್ಞಾಂ. ಅದೇ ಟೆಸ್ಟ್.”

“ನಿಮ್ಮಪ್ಪ ಇವತ್ತ ರೊಟ್ಟಿ ತಗೊಂಡು, ನಾಳೆ ಹೇಳದ ಕೇಳದ ಚಪಾತಿ ಬೇಕಿತ್ತು ಅಂದ್ರ, ತಪ್ಪು ಯಾರದು? ಕಟ್ಟಳಿ ಮುರದಾಕಿ ನೀನು, ಗಲತ್ ಅನಿಸಿಕೊಂಡಾವ ಅವನು!”

ಗಲ್ಲಾದಿಂದ ಶಿವಪ್ಪ ಕೂಗಿದ: “ನಡುವ ನನ್ನ ಯಾಕ ಎಳಿತೀ ಬೇ? ನಾ ಯಾವಾಗರೆ ಚಪಾತಿ ಕೇಳೇನಿ?”

ಪೂನಂ ನಕ್ಕು, ಮತ್ತೆ ಗಂಭೀರಳಾದಳು. “ಆಂಟಿ, ಕಾಕಾಗೆ ಬುದ್ಧಿ ಕಮ್ಮಿ ಅಂತ ನಾನು ಹೇಳ್ತಿಲ್ಲ. ಇದನ್ನ ಆಟಿಸಂ ಅಂತಾರೆ. ಒಂದು ನಿಯಮದಿಂದ ಇನ್ನೊಂದಕ್ಕೆ ಮನಸ್ಸು ಹೊರಳೋದು ಅವರಿಗೆ ಕಷ್ಟ. ಅದರ ಮೇಲೆ ಗಾಬ್ರಿ ಆದ್ರೆ, ಗೊತ್ತಿರೋ ಕೆಲಸಾನೇ ಮತ್ತೆ ಮತ್ತೆ ಮಾಡ್ತಾರೆ. ಅದು ಹಟ ಅಲ್ಲ, ಒಂಥರಾ ಹಿಡಿದುಕೊಳ್ಳೋ ಕಂಬ. ಟೆಸ್ಟ್ ಮೋಸ ಅಂತೀರಾ, ಸರಿ. ಆದ್ರೆ ಲೈಫ್ ಏನು ಹೇಳಿ ಬದಲಾಗ್ತದಾ? ಈಗ ನೋಡಿ, ಸ್ಟೇಶನ್ ಪುಲ್ ಬಂದ್ ಮಾಡಿದಾರೆ, ಯಾರಾದ್ರೂ ಕಾಕಾಗೆ ಮುಂಚೆ ಹೇಳಿದ್ರಾ?”

“ಯಾವ ಪುಲ್?”

“ಇಲ್ಲಿದು, ಹಳಿ ದಾಟೋ ಬ್ರಿಜ್! ರಿಪೇರಿ ಅಂತ ಮುಚ್ಚಿ ಎಷ್ಟು ದಿನ ಆಯ್ತು. ಈಗ ಎಲ್ಲರೂ ಆ ಕಡೆ ಇಳಿದು ಬಜಾರ್ ಗಲ್ಲಿಯಿಂದ ಬರೋದು.”

ಬಸವಣ್ಣೆವ್ವನಿಗೆ ಇದು ಹೊಸ ಸುದ್ದಿ. ತಮ್ಮ ಹೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಪೂನಂ ಮೆಲ್ಲಗೆ ಕೈ ಹಿಡಿದು, “ನಮ್ಮ ಸೆಂಟರಿನಲ್ಲಿ ವರ್ಕ್‌ಶಾಪ್ ಇದೆ, ಅಲ್ಲೇ ಇರಬಹುದು. ಬೇಡ ಅಂದ್ರೆ ಕೆಲವು ದಿನ ಜೊತೆಗೆ ಬರೋಕೆ ಒಬ್ಬ ಮನುಷ್ಯನ್ನ ಕಳಿಸ್ತೀನಿ” ಅಂದಳು. ಬಸವಣ್ಣೆವ್ವ ಕೈ ಬಿಡಿಸಿಕೊಂಡಳು. ಸಿಹಿಯಾಗಿ ಮಾತಾಡುವವರ ಎದುರು ಕೈ ಬಿಡಿಸಿಕೊಂಡೇ ನಿಲ್ಲಬೇಕೆಂದು ಅಜ್ಜಿ ಗುರುಬಸವ್ವ ಹೇಳಿಕೊಡದೆ ಹೋಗಿರಲಿಲ್ಲ.

ಶನಿವಾರ ಆಕೆ ತಮ್ಮನಿಗೆ ಕಾಣದಂತೆ ಮುಂದಿನ ಡಬ್ಬಿ ಹತ್ತಿ ಡೊಂಬಿವಲಿಯಲ್ಲಿ ಇಳಿದಳು. ಬಜಾರ್ ಗಲ್ಲಿ ಕೈಗಾಡಿ, ತರಕಾರಿ, ರಿಕ್ಷಾ ಎಲ್ಲ ಸೇರಿ ಉಸಿರಾಡಲು ಜಾಗವಿಲ್ಲದಷ್ಟು ತುಂಬಿತ್ತು. ಶನಿವಾರಕ್ಕೊಮ್ಮೆ ಬರುವ ಲಿಂಬೆ-ಮೆಣಸಿನಕಾಯಿ ಮಾರುವವನು ಅಂಗಡಿ ಅಂಗಡಿಗೆ ಹೊಸ ಸರ ಕಟ್ಟುತ್ತ, ಹಳೆಯದನ್ನು ಕಿತ್ತು ರಸ್ತೆಗೆ ಎಸೆಯುತ್ತ ಬರುತ್ತಿದ್ದ. ಒಂದು ಹುಲಗಪ್ಪನ ಮುಂದೆ ಬಿತ್ತು. ಹುಲಗಪ್ಪ ನಿಂತ. ಎಡಕ್ಕೆ ಕೈಗಾಡಿ, ಬಲಕ್ಕೆ ಕಟ್ಟೆ; ಬಳಸಿ ಹೋಗಲು ದಾರಿಯಿಲ್ಲ. ಹಿಂದಿನವರು ತಳ್ಳಿದರು, ರಿಕ್ಷಾದವನು ಹಾರ್ನು ಒತ್ತಿ ಬೈದ. ಹುಲಗಪ್ಪ ಬುಟ್ಟಿ ಹೊತ್ತೇ ತೂಗತೊಡಗಿದ. ಆಕೆ ಹತ್ತಿರ ಸರಿದಾಗ ಅವನ ದನಿ ಕೇಳಿತು:

“ತುಳಿಬಾರದು. ದಾಟಬಾರದು. ತುಳಿಬಾರದು. ದಾಟಬಾರದು.”

ಅದು ಆಕೆಯದೇ ಮಾತು. ಅವನು ಸಣ್ಣವನಿದ್ದಾಗ ಕೈಹಿಡಿದು ನಡೆಸುತ್ತ ಹೇಳಿದ್ದು: ದಾರಿಯ ಲಿಂಬೆ ತುಳಿಯಬಾರದು, ದಾಟಬಾರದು, ಅಂಥದ್ದು ಹೊಸ್ತಿಲ ಒಳಗೆ ಬರಬಾರದು. ದಾರಿಯ ಮೇಲಿದ್ದರೆ ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ. ಹುಲಗಪ್ಪ ಬಗ್ಗಿ ಅದನ್ನು ಎತ್ತಿ ಬುಟ್ಟಿಯ ಮೇಲಿನ ಗಂಟಿನಲ್ಲಿ ಇಟ್ಟುಕೊಂಡು ಮುಂದೆ ನಡೆದ. ಮೂರೂ ಕಟ್ಟಳೆ ಮುರಿಯದೆ ಅವನು ಕಂಡುಕೊಂಡ ದಾರಿ ಅದೊಂದೇ.

ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ, ಅವನ ಮುಂದೆ ಇನ್ನೊಂದು ಬಿತ್ತು. ಬಸವಣ್ಣೆವ್ವನ ಕಣ್ಣು ಅದರ ಮೇಲೆ ನೆಟ್ಟಿತು. ಹಸಿ ಹಣ್ಣು, ಬೆಳ್ಳಗಿನ ದಾರ. ಈಗ ಕಟ್ಟಿದ್ದನ್ನು ಈಗಲೇ ಯಾವ ಅಂಗಡಿಯವನು ಎಸೆಯುತ್ತಾನೆ? ತಲೆ ಎತ್ತಿದಳು. ಮೊಬೈಲ್ ಕವರಿನ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ಒಬ್ಬನ ಅಂಗೈಯಲ್ಲಿ ಮತ್ತೊಂದು ಸರ ತಯಾರಿತ್ತು.

ಆಕೆ ಹೋಗಿ ಆ ಮಣಿಕಟ್ಟು ಹಿಡಿದಳು. ದಿನವೂ ರೊಟ್ಟಿ ಬಡಿಯುವ ಕೈ ಅದು.

“ಅರೇ ಮಾವ್ಶಿ, ಛೋಡೋ! ಮಜಾಕ್ ಕರ್ ರಹೇ ಥೇ. ವೋ ಪಾಗಲ್ ಹೈ ನಾ...”

“ಪಾಗಲ್ ಕೌನ್? ಪೈಸಾ ದೇಕೆ ಲಿಂಬೂ ಲೇತಾ, ರಸ್ತೇ ಪೇ ಫೇಕ್ತಾ, ತೂ ಪಾಗಲ್ ಕೀ ವೋ ಪಾಗಲ್?” ದುಡ್ಡು ಕೊಟ್ಟು ಕೊಂಡ ಲಿಂಬೆಯನ್ನು ಬೀದಿಗೆ ಎಸೆಯುವ ನೀನು ಹುಚ್ಚನೋ ಅವನೋ ಎಂಬ ಆಕೆಯ ಹಿಂದಿಗೆ ಗಲ್ಲಿಯೇ ತಿರುಗಿ ನೋಡಿತು. ಅಂಗಡಿಯ ಯಜಮಾನ ಓಡಿಬಂದು ಅವನಿಗೆ ಎರಡು ಬಿಗಿದು, ಈಕೆಗೆ ಕೈಮುಗಿದ.

ಆ ವಾರವಿಡೀ ಬಸವಣ್ಣೆವ್ವ ರೊಟ್ಟಿ ಬಡಿಯುತ್ತ ತಮ್ಮನಿಗೆ ಹೊಸ ಕಟ್ಟಳೆ ಹೇಳಿದಳು. ಹೇಳದೆ ಬದಲಿಸಬಾರದೆಂದು ಪೂನಂಗೆ ಜಬರಿಸಿದವಳು ತಾನು ಹೇಗೆ ತಪ್ಪಿಯಾಳು? “ಶನಿವಾರದಿಂದ ಲಿಂಬಿ ಬುಟ್ಟಿಗಿ ಹಾಕಬಾರದು. ಎತ್ತಿ ಗ್ವಾಡಿ ಬುಡಕ್ಕ ಇಡಬೇಕು. ಮುಂದ ನಡಿಬೇಕು.” ಹುಲಗಪ್ಪ ಪ್ರತಿ ರೊಟ್ಟಿಗೂ ತಲೆಯಾಡಿಸಿದ. ಶನಿವಾರ ಹಾಗೆಯೇ ಮಾಡಿದ. ಹೊಸ್ತಿಲ ಹೊರಗೆ ಏನೂ ಬರಲಿಲ್ಲ. ಪಕ್ಕದ ಮರಾಠಿ ಮನೆಯವರು ಸುಮ್ಮನೆ ಬಂದು ರೊಟ್ಟಿ ಕೇಳಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಬ್ಬ ಕಳ್ಳ ಸಿಕ್ಕಿದರೆ ಈ ಮನೆತನದವರಿಗೆ ನೆಮ್ಮದಿಯಾಗುವುದಿಲ್ಲ, ಇನ್ನೆಷ್ಟು ಜನ ಅಡಗಿದ್ದಾರೋ ಎಂದು ನಿದ್ದೆ ಕೆಡುತ್ತದೆ. ಇಂದು ಲಿಂಬೆ ಎಸೆದವರು ನಾಳೆ ಗಾಡಿಯಿಂದ ದಬ್ಬುವುದಿ‌ಲ್ಲ ಎಂದು ಏನು ಗ್ಯಾರಂಟಿ? ದೇವದಾಸನ ಟೆಂಪೊ ನಂಬಲಾರಳು, ಪೂನಂ ಕಳಿಸುವ ಮನುಷ್ಯನನ್ನು ನಂಬಲಾರಳು. ತಾನೇ ದಿನವೂ ಜೊತೆಗೆ ಹೋಗುವುದೆಂದು ನಿಶ್ಚಯಿಸಿದಳು. ಚಾಳಿನವರಿಗೂ ಸಮಾಧಾನ.

ಹುಲಗಪ್ಪನದು ಮಾತ್ರ ಪಡಬಾರದ ಪಾಡಾಯಿತು. ಅವನ ಕಂಬದ ಹತ್ತಿರ ಅಕ್ಕ ನಿಂತರೆ ಅವನಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯದು. ಮಾಲಡಬ್ಬಿಯಲ್ಲಿ ಆಕೆ ಎಲ್ಲರ ಕಡೆಗೂ ಕಣ್ಣು ಕೆಕ್ಕರಿಸುತ್ತ ನಿಂತರೆ, ಇವನು ಬುಟ್ಟಿ ಹೊತ್ತು ಹಿಂದೆ ಮುಂದೆ ತೂಗುವುದು ಹೆಚ್ಚಾಯಿತು. ಬೀಗ ಜಗ್ಗುವುದು ಮುಗಿಯದೆ ಗಾಡಿ ತಪ್ಪತೊಡಗಿತು. ಖಾನಾವಳಿಯಲ್ಲಿ ಬುಟ್ಟಿ ಬಿಚ್ಚಿದರೆ ರೊಟ್ಟಿಯೆಲ್ಲ ಚೂರು ಚೂರು.

“ಯಾರೋ ಡಬ್ಬಿಯೊಳಗ ಬೇಕಂತ ಒತ್ತತಾರ,” ಅಂದಳು ಬಸವಣ್ಣೆವ್ವ.

ಶಿವಪ್ಪ ತುಂಡೊಂದನ್ನು ಎತ್ತಿ ಹಿಡಿದ. “ಯಾರೂ ಒತ್ತಂಗಿಲ್ಲ ಬೇ. ಲಿಂಬಿಹಣ್ಣು ಹೊತ್ತು ಬಂದಾಗೂ ಒಂದು ರೊಟ್ಟಿ ಮುರಿದಿರಲಿಲ್ಲ ನಿನ್ನ ತಮ್ಮ. ನೀ ಬರಾಕ ಹತ್ತಿದಾಗಿಂದ ನಾ ಗಿರಾಕಿಗೆ ಚೂರು ಹಿಚುಕಿ ಮುಟಿಗಿ ಮಾಡಿ ಬಡಸಾಕ ಹತ್ತೇನಿ. ಇದ ನಡದ್ರ, ಬ್ಯಾರೆ ಕಡೆ ರೊಟ್ಟಿ ನೋಡಕೊಬೇಕಾಗತೈತಿ ನೋಡು.”

ಆಕೆ ಶಿವಪ್ಪನನ್ನೂ ಒಂದು ಅನುಮಾನದ ನೋಟದಿಂದ ಅಳೆದು ಮನೆಗೆ ಬಂದಳು.  ಹಿಟ್ಟು ನಾದುವಾಗ ತಮ್ಮನ ಕಡೆ ಮತ್ತೆ ಮತ್ತೆ ನೋಡಿದಳು. ಅವನು ಗೂಟದ ಬುಟ್ಟಿಯನ್ನು ನೋಡುತ್ತ ಕೂತಿದ್ದ.

ಮರುದಿನ ಬೆಳಗ್ಗೆ ರೊಟ್ಟಿ ಕಟ್ಟಿದ್ದಾಯಿತು. ಹುಲಗಪ್ಪ ಇಸ್ತ್ರಿ ಅಂಗಿ ತೊಟ್ಟು ಬುಟ್ಟಿ ಎತ್ತಿದ. ಬಸವಣ್ಣೆವ್ವ ಕೈ ತೊಳೆದು, ಸೆರಗು ಸರಿಮಾಡಿ, ಚಪ್ಪಲಿಗೆ ಕಾಲು ಚಾಚಿದಳು. ಎದುರು ಬಾಗಿಲಲ್ಲಿ ಜಯಲತಾ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಹುಲಗಪ್ಪ ಬುಟ್ಟಿಯನ್ನು ಕೆಳಗಿಟ್ಟ. ಅಕ್ಕನ ಚಪ್ಪಲಿಗಳನ್ನು ಎತ್ತಿ, ಒಳಗೆ ಮಂಚದ ಕೆಳಗೆ ಜೋಡಿಸಿ ಇಟ್ಟು ಬಂದ. ಆಕೆಯ ಮುಖ ನೋಡದೆ, ಚೌಕಟ್ಟನ್ನು ನೋಡುತ್ತ, ಜೀವಮಾನದಲ್ಲಿ ಎಂದೂ ಆಡದಷ್ಟು ಉದ್ದದ ಮಾತು ಆಡಿದ:

“ಅಕ್ಕಾ, ನೀ ಬರಬ್ಯಾಡ. ದೇವದಾಸಣ್ಣನ ಟೆಂಪೊ ಬ್ಯಾಡ. ಪೂನಂನ ಮನಷ್ಯಾ ಬ್ಯಾಡ. ಪುಲ್ ಬಂದ್ ಐತಿ, ನನಗ ಗೊತ್ತೈತಿ. ಗಲ್ಲಿ ಗೊತ್ತೈತಿ. ನೀ ಬಂದ್ರ ರೊಟ್ಟಿ ಮುರಿತಾವ. ನೀ ಮನ್ಯಾಗ ಇರು. ನಾ ಒಬ್ಬನ ಹೋಗತೀನಿ.”